ಸಾಮಾನ್ಯ ಪರಿಣತ

ತಲೆದಿಂಬಿನ ಪಕ್ಕ ಇಟ್ಟುಕೊಂಡಿದ್ದ ಲೋಟದಲ್ಲಿ ಮುಕ್ಕಾಲು ಪಾಲು ನೀರು ಹಾಗೇ ಉಳಿದಿತ್ತು. ಬೆಳಿಗ್ಗೆ ಎದ್ದವನು ಅದನ್ನು ಅಡುಗೆಮನೆಯ ಸಿಂಕಿಗೆ ಚೆಲ್ಲಲೆಂದು ಬಗ್ಗಿಸಿ, ಅಷ್ಟಕ್ಕೇ ನಿಂತುಬಿಟ್ಟ. ಬೆನ್ನ ಹಿಂದೆ ಯಾರೋ "ಕೈಯಲ್ಲೇನೋ ಅದು?" ಎಂದು ಕೇಳಿದ ಹಾಗಾಯಿತು. ತಿರುಗಿ ನೋಡಬೇಕಾಗಿರಲಿಲ್ಲ, ಹಿಂದೆ ಇರುವುದು ಫ್ರಿಜ್ಜು ಮತ್ತು ಅದರ ಬಾಗಿಲಿಗೆ ಅಂಟಿಸಿದ ಕರೆಂಟ್ ಬಿಲ್ಲು ಮಾತ್ರ ಎಂದು ಅವನಿಗೆ ಗೊತ್ತಿತ್ತು. ಆದರೂ ತಿರುಗಿದ. ಈ ಧ್ವನಿ ಹೊಸದೇನೂ ಅಲ್ಲ. ಸಿಂಕು, ಬೇಸಿನ್ನು, ಬಚ್ಚಲಿನ ಜಾಲರಿ, ಏನನ್ನಾದರೂ ಚೆಲ್ಲಬಹುದಾದ ಯಾವ ಜಾಗದಲ್ಲಾದರೂ ಅದು ವರ್ಷಗಳಿಂದ ಆಗಾಗ ಬಂದು ಹೋಗುತ್ತಿತ್ತು. ಮೊದಲೆಲ್ಲ ದೂರದ ಕೋಣೆಯಿಂದ ಬಂದಂತೆ ಕೇಳುತ್ತಿತ್ತು. ಹಳೆಯ ಲ್ಯಾಬಿನ ಕಡತ ಕಚೇರಿಯ ಮೇಜಿಗೆ ಬಂದ ಮೇಲೆ ಕಿವಿಯ ಪಕ್ಕಕ್ಕೇ ಬಂದಿತ್ತು. ನೀರನ್ನು ಚೆಲ್ಲದೆ ಲೋಟವನ್ನು ಕಟ್ಟೆಯ ಮೇಲಿಟ್ಟ. ಅಲ್ಲಿ ಆಗಲೇ ಅಂಥವೇ ಕೆಲವು ಲೋಟಗಳು ಸಾಲಾಗಿ ನಿಂತಿದ್ದವು.

"ಇದೇನ್ರೀ ಲೋಟಗಳ ಮೆರವಣಿಗೆ? ಕುಡಿಯೋಣ ಅಂದ್ರೆ ಮನೇಲಿ ಒಂದು ಖಾಲಿ ಲೋಟ ಇಲ್ಲ." ತಲೆಗೆ ಟವೆಲ್ಲು ಸುತ್ತಿಕೊಂಡು ಬಂದ ಹೆಂಡತಿ ಒಂದೊಂದಾಗಿ ಎತ್ತಿ ಸಿಂಕಿಗೆ ಸುರಿಯತೊಡಗಿದಳು. ಅವನು ಮುಖ ತಿರುಗಿಸಿ ಕಿಟಕಿಯಾಚೆ ನೋಡಿದ. "ಇವತ್ತೇ ಅಲ್ವಾ ನಿಮ್ಮ ಮೇಡಮ್ಮಂದು?"

"ಹೂಂ. ಹನ್ನೊಂದಕ್ಕೆ ಪೇಟೆಂಟ್ ವಿಚಾರಣೆ."

"ಚೆನ್ನಾಗಿ ಆಗಬೇಕು ಅವರಿಗೆ. ಬೇರೆಯವರ ತಲೆ ಓಡಿದ್ದನ್ನ ತಮ್ಮದು ಅಂತ ಬರೆಸಿಕೊಂಡರೆ ಎಷ್ಟು ದಿನ ದಕ್ಕುತ್ತೆ?" ಅವಳು ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುವವಳು, ಜನರನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ ಈ ಗಾಜು ಸ್ಪಷ್ಟವೋ ಆ ಗಾಜು ಸ್ಪಷ್ಟವೋ ಎಂದು ದಿನವಿಡೀ ಕೇಳಿ, ಮನೆಗೆ ಬಂದ ಮೇಲೂ ಎಲ್ಲವನ್ನೂ ಎರಡರಲ್ಲಿ ಒಂದು ಮಾಡಿಬಿಡುತ್ತಿದ್ದಳು. "ನೀವ್ಯಾಕೆ ಮುಖ ಹಿಂಡಿಕೊಂಡಿದ್ದೀರಿ? ಕಳ್ಳತನ ಮಾಡಿದ್ದು ಅವರು, ಹೊಟ್ಟೆನೋವು ನಿಮಗೆ."

ಈ ಕಳ್ಳತನದ ಕತೆಯನ್ನು ಅವಳಿಗೆ ಹೇಳಿದವನು ಅವನೇ. ಮದುವೆಗೆ ಮುಂಚೆ, ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಸುವ ಹಂತದಲ್ಲಿದ್ದಾಗ, ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು, ಪ್ರಯೋಗಾಲಯ ಯಾಕೆ ಬಿಟ್ಟಿರಿ ಎಂದು ಅವಳು ಕೇಳಿದ್ದಕ್ಕೆ, ನಾನು ಕಂಡುಹಿಡಿದದ್ದನ್ನು ನನ್ನ ಗೈಡ್ ಮೇಡಂ ತಮ್ಮ ಹೆಸರಿಗೆ ಮಾಡಿಕೊಂಡರು ಎಂದಿದ್ದ. ಅದು ಸುಳ್ಳು ಎಂದು ಆಗ ಅವನಿಗೂ ಅನ್ನಿಸಿರಲಿಲ್ಲ. ಅವಳ ಕಣ್ಣು ತುಂಬಿತ್ತು. ಆಮೇಲೆ ಆ ಕತೆ ಗೋಡೆಗೆ ಹಾಕಿದ ಮದುವೆ ಫೋಟೋದ ಹಾಗೆ ಮನೆಯ ಸಾಮಾನಾಯಿತು. ಅತ್ತೆ, ಭಾವಮೈದ, ಅವನ ಕಡೆಯ ಚಿಕ್ಕಮ್ಮ, ಬಂದವರೆಲ್ಲ ಅದರ ಕಡೆ ಒಮ್ಮೆ ನೋಡಿ ಅಯ್ಯೋ ಪಾಪ ಎನ್ನುತ್ತಿದ್ದರು. ಹಳೆಯ ಲ್ಯಾಬಿನ ಗೆಳೆಯರು ಸಿಕ್ಕಾಗಲೂ, ಎರಡು ಗುಟುಕು ಒಳಗೆ ಹೋದ ಮೇಲೆ, ಅವನು ಅದನ್ನೇ ಹೇಳಿದ್ದ. ಹೇಳುತ್ತ ಹೇಳುತ್ತ ಕತೆಯ ಅಂಚುಗಳು ಸವೆದು ನುಣುಪಾಗಿದ್ದವು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಗಾಜಿನ ಮೇಲೆ ಹೊರಗಿನ ಮಂಜು ಕೂತು, ಕರಗಿ, ಗೆರೆಗೆರೆಯಾಗಿ ಇಳಿಯುತ್ತಿತ್ತು. ಲ್ಯಾಬಿನ ಫ್ರೀಜರಿನ ಬಾಗಿಲ ಮೇಲೂ ಹೀಗೇ ನೀರು ಇಳಿಯುತ್ತಿತ್ತು, ಸೋಮವಾರ ಬೆಳಿಗ್ಗೆ. ಶುಕ್ರವಾರ ಸಂಜೆ ಸಿನಿಮಾದ ಅವಸರದಲ್ಲಿ ಅವನು ಬಾಗಿಲನ್ನು ಬರೀ ತಳ್ಳಿ ಹೋಗಿದ್ದ. ರಬ್ಬರು ಪಟ್ಟಿಯಲ್ಲಿ ಹಿಮ ಕಟ್ಟಿದ್ದರಿಂದ ಅದು ಕೂತಿರಲಿಲ್ಲ. ಎರಡು ದಿನ ಯಂತ್ರ ಏದುಸಿರು ಬಿಟ್ಟು, ಬಿಸಿಯಾಗಿ ನಿಂತು, ಮತ್ತೆ ಶುರುವಾಗಿ, ಮತ್ತೆ ನಿಂತಿತ್ತು. ಒಳಗಿನದೆಲ್ಲ ಕರಗಿ, ಹೆಪ್ಪುಗಟ್ಟಿ, ಕರಗಿತ್ತು. ಅವತ್ತಿನಿಂದ ಲ್ಯಾಬಿನಲ್ಲಿ ಅವನ ಹೆಸರೇ ಬಾಗಿಲು ಎಂದಾಯಿತು. ಬಾಗಿಲು ಊಟಕ್ಕೆ ಹೋಗಿದಾನಾ, ಬಾಗಿಲಿಗೆ ಶೀತ ಆಗಿದೆಯಂತೆ, ಬಾಗಿಲು ಇನ್ನೂ ಥೀಸಿಸ್ ಮುಗಿಸಿಲ್ಲ. ಅವನೂ ನಗುತ್ತಿದ್ದ. ನಗದಿದ್ದರೆ ಇನ್ನೂ ಜಾಸ್ತಿ ಕರೆಯುತ್ತಾರೆ ಎಂದು ಗೊತ್ತಿತ್ತು.

ಆ ಸೋಮವಾರ ಹಾಳಾದವುಗಳನ್ನು ಚೆಲ್ಲಿ ಟ್ಯೂಬು ತೊಳೆಯುವುದು ತಪ್ಪು ಮಾಡಿದವನ ಪಾಲಿಗೇ ಬಂದಿತ್ತು. ಒಂದು ಕಡೆಯಿಂದ ಚೆಲ್ಲುತ್ತ ಬಂದವನ ಕೈಗೆ ಅವನದೇ ಟ್ಯೂಬು ಸಿಕ್ಕಿತು. ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪನ್ನು ಕರಗಿಸುವ ಕಿಣ್ವವನ್ನು ಬ್ಯಾಕ್ಟೀರಿಯಾದಿಂದ ಮಾಡಿಸುವುದು ಆ ಲ್ಯಾಬಿನ ಕೆಲಸ. ಬ್ಯಾಕ್ಟೀರಿಯಾ ಮಾಡಿಯೇನೋ ಕೊಡುತ್ತಿತ್ತು, ಆದರೆ ಒಡೆದ ಹಾಲಿನ ಗಷ್ಟಿನಂತೆ, ಮುದುಡಿದ ಮುದ್ದೆಯಾಗಿ, ಯಾವ ಕೆಲಸಕ್ಕೂ ಬಾರದ ಹಾಗೆ. ಆ ಮುದ್ದೆಯನ್ನು ತೀಕ್ಷ್ಣವಾದ ರಾಸಾಯನಿಕದಲ್ಲಿ ಕರಗಿಸಿ, ಮತ್ತೆ ಸರಿಯಾದ ರೂಪಕ್ಕೆ ಮಡಚಿಕೊಳ್ಳಲು ಬಿಡಬೇಕು. ಅಷ್ಟರಲ್ಲಿ ಮುಕ್ಕಾಲು ಪಾಲು ಹಾಳಾಗುತ್ತಿತ್ತು. ಅವನ ಟ್ಯೂಬಿನಲ್ಲಿದ್ದದ್ದು ಬರೀ ತೊಳೆಯುವ ಸೌಮ್ಯ ಕ್ಷಾರದ್ರವದಲ್ಲಿ ಮುಳುಗಿಸಿಟ್ಟ ಮುದ್ದೆ, ಬೆಳ್ಳಗೆ, ಕಲಕಿದ ಸುಣ್ಣದ ನೀರಿನ ಹಾಗೆ. ಸೋಮವಾರ ನೋಡಿದರೆ ಅದು ತಿಳಿಯಾಗಿತ್ತು. ಕನ್ನಡಿಯಷ್ಟು ತಿಳಿ. ಕೊಳೆತುಹೋಗಿದೆ ಎಂದುಕೊಂಡ. ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು. ಪ್ರೋಟೀನು ಕೊಳೆತರೂ ದ್ರವ ತಿಳಿಯಾಗುತ್ತದೆ ಎಂದು ಎಲ್ಲ ಪುಸ್ತಕಗಳಲ್ಲೂ ಇದೆ. ಮುಚ್ಚಳ ತೆಗೆದು ಸಿಂಕಿನ ಮೇಲೆ ಬಗ್ಗಿಸಿದ. ಮೊದಲ ಹನಿ ಅಂಚಿಗೆ ಬಂದು ತೂಗಾಡುತ್ತಿತ್ತು. ಆಗ ಹಿಂದಿನಿಂದ ಬಂದದ್ದು ಆ ಧ್ವನಿ. ಮೇಡಂ ಅವನ ಮಣಿಕಟ್ಟನ್ನು ಹಿಡಿದೇಬಿಟ್ಟರು. "ಕೈಯಲ್ಲೇನೋ ಅದು?" "ಏನಿಲ್ಲ ಮೇಡಂ, ಕೆಟ್ಟುಹೋಗಿದೆ." "ಕೊಡಿಲ್ಲಿ." ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ಅವರು ಬಹಳ ಹೊತ್ತು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಆ ತಿಳಿನೀರಿನ ಒಂದು ಹನಿ ತಟ್ಟೆಯಲ್ಲಿದ್ದ ರಕ್ತದ ಹೆಪ್ಪನ್ನು ನೀರು ಮಾಡಿತ್ತು. ತೀಕ್ಷ್ಣ ರಾಸಾಯನಿಕವಿಲ್ಲದೆ, ಫ್ರೀಜರಿನಲ್ಲಿ ಗಟ್ಟಿಯಾಗಿ ಕರಗಿದ್ದರಿಂದಲೇ ಕಿಣ್ವ ಸರಿಯಾದ ರೂಪಕ್ಕೆ ಬಂದಿತ್ತು. ಆಮೇಲಿನ ವರ್ಷ ಪೇಟೆಂಟಿನ ಅರ್ಜಿಯಲ್ಲಿ ಸಂಶೋಧಕರ ಜಾಗದಲ್ಲಿ ಒಂದೇ ಹೆಸರಿತ್ತು, ಮೇಡಂ ಅವರದು.

ಪೇಟೆಂಟಿನ ಕಾನೂನನ್ನು ಓದಿಯೇ ತೀರುತ್ತೇನೆ ಎಂದು ಅವನು ಈ ಕಡೆ ಬಂದದ್ದು. ಸಂದರ್ಶನದಲ್ಲಿ ಕಚೇರಿಯ ಹಿರಿಯ ವಕೀಲರು, ಲ್ಯಾಬು ಬಿಟ್ಟು ಯಾಕೆ ಬರ್ತಿದ್ದೀರಿ ಎಂದು ಕೇಳಿದಾಗ, ಓದುವುದು ಬರೆಯುವುದು ಇಷ್ಟ ಎಂದಿದ್ದ. "ಅಲ್ಲಿ ಕೈಗೆ ಕೆಲಸ, ಇಲ್ಲಿ ಬಾಯಿಗೆ. ಬಾಯಿ ಇದೆಯಲ್ಲ?" ಎಂದು ಅವರು ನಕ್ಕಿದ್ದರು. ಪರೀಕ್ಷೆಗೆ ಓದುವಾಗ, ಸಂಶೋಧಕ ಯಾರು ಎಂಬ ಅಧ್ಯಾಯವನ್ನು ಹಸಿದವನಂತೆ ತೆರೆದ. ಆಕಸ್ಮಿಕವಾಗಿ ನಡೆದುದನ್ನು ನಡೆಸಿದವನು ಸಂಶೋಧಕನಲ್ಲ. ನಡೆದುದರ ಅರ್ಥವನ್ನು ಗುರುತಿಸಿದವನು ಸಂಶೋಧಕ. ಇಷ್ಟೇ ಇತ್ತು. ಅದನ್ನು ಓದಿದಾಗ ಹಾಸ್ಟೆಲಿನ ಕೋಣೆಯಲ್ಲಿ ಯಾರೂ ಇರಲಿಲ್ಲ, ಆದರೂ ಯಾರೋ ನೋಡಿಬಿಟ್ಟರೇನೋ ಎಂಬಂತೆ ಪುಸ್ತಕ ಮುಚ್ಚಿದ್ದ. ಪಾರ್ಕಿನ ಬೆಂಚಿನ ಮೇಲೆ ಅವಳಿಗೆ ಕತೆ ಹೇಳಿದ್ದು ಅದಾದ ಮೇಲೆಯೋ ಮುಂಚೆಯೋ? ಮುಂಚೆಯೇ ಎಂದು ಅವನು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದ. ಬಸ್ಸು ಕಚೇರಿಯ ನಿಲ್ದಾಣದಲ್ಲಿ ನಿಂತಾಗ, ಆಮೇಲೆ, ಎಂದು ಒಪ್ಪಿಕೊಂಡ. ಇಳಿದ.

"ಬನ್ನಿ ಡಾಕ್ಟ್ರೇ, ನಿಮ್ಮ ಸಾಮಾನ್ಯರು ರೆಡಿನಾ?" ಹಿರಿಯರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಕೇಳಿದರು. ಸಾಮಾನ್ಯರು ಎಂದರೆ ಆ ಕಚೇರಿಯ ತಮಾಷೆ. ಆಯಾ ವಿಷಯದಲ್ಲಿ ಸಾಮಾನ್ಯ ಪರಿಣತಿಯುಳ್ಳ ವ್ಯಕ್ತಿ ಎಂದು ಕಾನೂನು ಒಬ್ಬನನ್ನು ಸೃಷ್ಟಿಸಿದೆ. ಅಂಥವನು ಎಲ್ಲೂ ಇಲ್ಲ. ಅವನು ಪ್ರಪಂಚದ ಎಲ್ಲ ಭಾಷೆಗಳಲ್ಲಿ ಪ್ರಕಟವಾದುದನ್ನೆಲ್ಲ ಓದಿದ್ದಾನೆ, ಒಂದನ್ನೂ ಮರೆತಿಲ್ಲ. ಆದರೆ ಅವನಿಗೆ ಹೊಸದೇನೂ ಹೊಳೆಯುವುದಿಲ್ಲ. ಯಾವ ಸಂಶೋಧನೆಯಾದರೂ ಸರಿ, ಅವನಿಗೆ ತಾನಾಗಿಯೇ ತೋಚುವಂಥದ್ದು ಎಂದು ಸಾಬೀತಾದರೆ ಪೇಟೆಂಟು ರದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನಿಗೆ ಈ ಮನುಷ್ಯನ ಮೇಲೆ ನಗು ಬರುತ್ತಿತ್ತು. ಈಚೆಗೆ ಮೇಜಿನ ಎದುರಿನ ಖಾಲಿ ಕುರ್ಚಿಯಲ್ಲಿ ಆ ಇಲ್ಲದ ಮನುಷ್ಯ ಬಂದು ಕೂರುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಮುಖವಿಲ್ಲ. ಬೆರಳುಗಳು ಮಾತ್ರ ಸ್ಪಷ್ಟವಾಗಿದ್ದವು, ಟ್ಯೂಬನ್ನು ಹಿಡಿದು ಹಿಡಿದು ತೋರುಬೆರಳಿನ ಪಕ್ಕ ಗಂಟು ಬಿದ್ದಿತ್ತು. ತನ್ನ ಬೆರಳಿನ ಅದೇ ಗಂಟನ್ನು ಅವನು ಹೆಬ್ಬೆರಳಿನಿಂದ ಉಜ್ಜಿಕೊಂಡ.

"ರೆಡಿ ಸಾರ್."

ಕಕ್ಷಿದಾರರು ದೊಡ್ಡ ಔಷಧಿ ಕಂಪನಿ. ಮೇಡಂ ಅವರ ವಿಧಾನವನ್ನು ಅವರ ಅಪ್ಪಣೆಯಿಲ್ಲದೆ ಬಳಸಬೇಕಾದರೆ ಪೇಟೆಂಟನ್ನು ಮೊದಲು ಕೊಲ್ಲಬೇಕು. ನಿವೃತ್ತರಾದ ಮೇಲೆ ಮೇಡಂ ಇಬ್ಬರು ಹಳೆಯ ವಿದ್ಯಾರ್ಥಿನಿಯರ ಜೊತೆ ಸೇರಿ ನಡೆಸುತ್ತಿದ್ದ, ಆ ಕಿಣ್ವ ತಯಾರಿಸುವ ಪುಟ್ಟ ಘಟಕಕ್ಕೆ ಇದ್ದ ಆಧಾರ ಅದೊಂದೇ. ಅದು ಹೋದರೆ ಘಟಕ ಮುಚ್ಚಬೇಕು. ಅವನು ಆ ಲ್ಯಾಬಿನಲ್ಲಿ ಓದಿದವನೆಂದು ಹಿರಿಯರಿಗೆ ಗೊತ್ತಿತ್ತು, ಅದಕ್ಕೇ ಕಡತ ಅವನಿಗೆ ಬಂದದ್ದು. "ಆ ಮನೆಯ ಒಳಗು ಹೊರಗು ಎಲ್ಲ ಗೊತ್ತಿರೋರು ಬೇಕು" ಎಂದಿದ್ದರು. ಬೇಡ ಎನ್ನಬಹುದಿತ್ತು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಮೂವತ್ತು ಪುಟಗಳ ವಾದವನ್ನು ಅವನೇ ಬರೆದ. ಇಂಥ ಮುದ್ದೆಯನ್ನು ಸೌಮ್ಯ ಕ್ಷಾರದಲ್ಲಿ ತೊಳೆಯುವುದು ಮೊದಲೇ ಗೊತ್ತಿತ್ತು. ಹೆಪ್ಪುಗಟ್ಟಿಸಿ ಕರಗಿಸುವುದೂ ಮೊದಲೇ ಗೊತ್ತಿತ್ತು. ಎರಡನ್ನೂ ಜೋಡಿಸುವುದು ಸಾಮಾನ್ಯ ಪರಿಣತನಿಗೆ ಸಹಜವಾಗಿ ತೋಚುವ ಹೆಜ್ಜೆ. ಬರೆದಷ್ಟೂ ಸುಸೂತ್ರವಾಗಿ ಬಂತು. ಆ ಪುಟಗಳಲ್ಲಿ ಸಿಂಕು ಎಲ್ಲೂ ಇರಲಿಲ್ಲ.

ವಿಚಾರಣೆಯ ಕೋಣೆ ಚಿಕ್ಕದು. ಉದ್ದನೆಯ ಮೇಜು, ಹಸಿರು ಬಟ್ಟೆ, ಶೀತ ಹಿಡಿದು ಮೂಗು ಒರೆಸಿಕೊಳ್ಳುತ್ತಿದ್ದ ಅಧಿಕಾರಿ. ಎದುರು ಬದಿಯಲ್ಲಿ ಮೇಡಂ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕನ್ನಡಕಕ್ಕೆ ದಾರ ಬಂದಿತ್ತು. ಅವನನ್ನು ಕಂಡವರೇ ಲ್ಯಾಬಿನಲ್ಲಿ ಬೆಳಿಗ್ಗೆ ಎದುರಾದಾಗಿನ ಹಾಗೆ ಹುಬ್ಬೆತ್ತಿ ನಕ್ಕರು. ಅವನು ಕಡತದ ದಾರ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿದ. ಹಿರಿಯರು ಮುಕ್ಕಾಲು ಗಂಟೆ ವಾದಿಸಿದರು. ಅವನ ವಾಕ್ಯಗಳು ಅವರ ಬಾಯಲ್ಲಿ ಇನ್ನೂ ದಪ್ಪಗೆ, ಆತ್ಮವಿಶ್ವಾಸದಿಂದ ಕೇಳುತ್ತಿದ್ದವು. ನಡುನಡುವೆ ಅವರು ಕೈ ಚಾಚಿದರೆ ಸಾಕು, ಬೇಕಾದ ಹಾಳೆಯನ್ನು ಅವನು ಇಡುತ್ತಿದ್ದ. ಕೊನೆಗೆ ಅಧಿಕಾರಿ ಮೇಡಂ ಕಡೆ ತಿರುಗಿದರು. "ನೀವು ಸಂಶೋಧಕರು. ನೇರವಾಗಿ ನಿಮ್ಮನ್ನೇ ಕೇಳ್ತೀನಿ. ಇದು ನಿಮಗೆ ಹೊಳೆದದ್ದು ಹೇಗೆ?"

ಈಗ ಹೇಳುತ್ತಾರೆ, ಎಂದು ಅವನಿಗೆ ಅನ್ನಿಸಿತು. ಅವರು ಬೆರಳು ತೋರಿಸಿ, ಇಗೋ ಇಲ್ಲೇ ಕೂತಿದ್ದಾನೆ ನೋಡಿ ನಿಮ್ಮ ಸಾಮಾನ್ಯ ಪರಿಣತ, ಎಲ್ಲ ಓದಿಕೊಂಡಿದ್ದ, ಚರಂಡಿಗೆ ಚೆಲ್ಲುತ್ತಿದ್ದ, ಕೇಳಿ ಅವನನ್ನೇ, ಎಂದರೆ ಸಾಕು, ಮೂವತ್ತು ಪುಟಗಳೂ ಸುಳ್ಳಾಗುತ್ತಿದ್ದವು. ತಾನು ಎದ್ದು ನಿಲ್ಲಬೇಕಾಗುತ್ತದೆ, ಹೌದು ಎನ್ನಬೇಕಾಗುತ್ತದೆ. ಆ ಅವಮಾನಕ್ಕೆ ಅವನು ಒಂದು ವಾರದಿಂದ ಸಿದ್ಧನಾಗಿದ್ದ. ಅದು ಬಂದು ಮುಗಿದುಹೋಗಲಿ ಎಂದು ಒಳಗೊಳಗೇ ಕಾಯುತ್ತಲೂ ಇದ್ದನೇನೋ.

"ಮೊದಲು ಕಂಡದ್ದು ನನಗಲ್ಲ ಸಾರ್," ಎಂದರು ಮೇಡಂ. ಪಕ್ಕದಲ್ಲಿದ್ದ ಅವರ ವಕೀಲೆ ಗಾಬರಿಯಿಂದ ತೋಳು ಮುಟ್ಟಿದಳು. ಅವರು ಗಮನಿಸಲಿಲ್ಲ. "ನನ್ನ ಹತ್ರ ಒಬ್ಬ ಹುಡುಗ ಪಿಎಚ್.ಡಿ. ಮಾಡ್ತಿದ್ದ. ಟ್ಯೂಬ್ ಹಿಡ್ಕೊಂಡು ಓಡಿ ಬಂದ. ಮೇಡಂ, ನೋಡಿ, ತಿಳಿಯಾಗಿದೆ, ಏನೋ ಇದೆ ಇದರಲ್ಲಿ ಅಂದ. ಆಮೇಲೆ ನಾನು ಪರೀಕ್ಷೆ ಮಾಡ್ದೆ. ಇದ್ದದ್ದು ಇದ್ದ ಹಾಗೆ ಹೇಳ್ಬೇಕಲ್ಲ."

ಹಿರಿಯರು ಒಂದು ಕ್ಷಣವೂ ತಡಮಾಡಲಿಲ್ಲ. "ಆ ಹುಡುಗನ ಹೆಸರೇನೂ ಬೇಡಮ್ಮ. ಎಲ್ಲರ ಹಾಗೆ ಒಬ್ಬ ವಿದ್ಯಾರ್ಥಿ ತಾನೇ? ವಿಶೇಷ ಪ್ರತಿಭೆ ಅಂತೇನೂ ಅಲ್ಲವಲ್ಲ?"

ಮೇಡಂ ಅವನ ಕಡೆ ನೋಡಿ ನಕ್ಕರು. "ಅವಸರದ ಹುಡುಗ. ಬಾಗಿಲು ಸರಿಯಾಗಿ ಹಾಕ್ತಿರಲಿಲ್ಲ. ಎಲ್ಲರ ಹಾಗೇ."

"ಅಷ್ಟು ಸಾಕು," ಎಂದು ಹಿರಿಯರು ಕೂತರು. ಅಧಿಕಾರಿ ಏನನ್ನೋ ಬರೆದುಕೊಂಡರು. ಮೇಜಿನ ಹಸಿರು ಬಟ್ಟೆಯ ಮೇಲೆ ಹಳೆಯ ಮಸಿಯ ಕಲೆಯೊಂದಿತ್ತು. ಅದರ ಅಂಚು ಎಲ್ಲಿ ಮುಗಿಯುತ್ತದೆ ಎಂದು ಅವನು ನೋಡುತ್ತಲೇ ಇದ್ದ.

ಕಾರಿಡಾರಿನಲ್ಲಿ ಲಿಫ್ಟಿಗೆ ಕಾಯುತ್ತ ನಿಂತಿದ್ದ ಮೇಡಂ ಅವನನ್ನು ಕಂಡು ಕೈ ಬೀಸಿ ಕರೆದರು. "ಏನಪ್ಪಾ ಬಾಗಿಲು, ಸಣ್ಣಗಾಗಿದ್ದೀಯ. ಹೆಂಡತಿ ಊಟ ಹಾಕಲ್ವಾ?"

"ಮೇಡಂ, ನೀವು ಒಳಗೆ ಹೇಳಿದ್ದು..."

"ತಡವಾಗಿ ಹೇಳ್ದೆ ಅಂತ ಗೊತ್ತು. ಆಗಲೇ ನಿನ್ನ ಹೆಸರು ಹಾಕಬೇಕಿತ್ತು ಕಣೋ. ಯಾಕೆ ಹಾಕಲಿಲ್ಲ ಅಂತ ಎಷ್ಟು ಯೋಚನೆ ಮಾಡಿದ್ರೂ ನೆನಪಾಗಲ್ಲ. ನೀನು ತುಂಬಾ ನೊಂದ್ಕೊಂಡಿದ್ದೀಯ ಅಂತ ಯಾರೋ ನಮ್ಮ ಹುಡುಗರೇ ಬಂದು ಹೇಳಿದರು. ಮೊದಲು ಕೋಪ ಬಂತು, ಇವನೇನು ಮಾಡಿದ ಅಂತ. ಆಮೇಲೆ ಕೂತು ಯೋಚಿಸ್ದೆ. ಸುಮ್ಮಸುಮ್ಮನೆ ಹೇಳೋ ಹುಡುಗ ಅಲ್ಲ ನೀನು. ಹಾಗೆ ಯೋಚನೆ ಮಾಡ್ತಾ ಮಾಡ್ತಾ ಎಲ್ಲ ನೆನಪಾಯ್ತು, ನೀನು ಓಡಿ ಬಂದದ್ದು, ಟ್ಯೂಬ್ ಎತ್ತಿ ತೋರಿಸಿದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ."

"ನಾನು ಓಡಿ ಬರಲಿಲ್ಲ ಮೇಡಂ."

"ಹೋಗಲಿ, ನಡ್ಕೊಂಡೇ ಬಂದೆ ಅಂತಿಟ್ಕೋ," ಎಂದು ಅವರು ಗಟ್ಟಿಯಾಗಿ ನಕ್ಕರು. ಲಿಫ್ಟು ಬಂತು. ಮುಖ ಕಪ್ಪಿಟ್ಟಿದ್ದ ವಕೀಲೆ ಅವರ ಮೊಣಕೈ ಹಿಡಿದು ಒಳಗೆ ಕರೆದೊಯ್ದಳು. ಮುಚ್ಚುವ ಬಾಗಿಲಿನ ಸಂದಿಯಲ್ಲಿ ಅವರ ನಗು ಸ್ವಲ್ಪ ಹೊತ್ತು ಉಳಿಯಿತು. ಅದು ಹಗುರಾದವರ ನಗು.

ಎರಡು ಗುಟುಕಿನ ಮೇಲೆ ಹೇಳಿದ್ದು, ಪಾರ್ಕಿನ ಬೆಂಚಿನ ಮೇಲೆ ಹೇಳಿದ್ದು, ಬಾಯಿಂದ ಬಾಯಿಗೆ ಹೋಗಿ, ಮೇಡಂ ತಲೆಯೊಳಗೆ ಇಳಿದು, ಅಲ್ಲಿದ್ದದ್ದನ್ನು ಹೊರಗೆ ದೂಡಿ ತಾನು ಕೂತುಬಿಟ್ಟಿತ್ತು. ತನ್ನನ್ನು ನಂಬಿದ್ದಕ್ಕೆ ಅವರಿಗೆ ಈ ಶಿಕ್ಷೆ. ಆ ಸೋಮವಾರ ಸಿಂಕಿನ ಬಳಿ ಇದ್ದವರು ಇಬ್ಬರು, ಈಗ ಒಬ್ಬನೇ. ಮೆಟ್ಟಿಲು ಇಳಿಯುತ್ತ, ತಾನೂ ನಂಬಿಬಿಟ್ಟರೆ ಮುಗಿಯಿತು, ಎನ್ನಿಸಿ ಕೈಗಂಬಿ ಹಿಡಿದುಕೊಂಡ. ಎಷ್ಟು ಸುಲಭ. ಓಡಿ ಬಂದೆ. ಎತ್ತಿ ತೋರಿಸಿದೆ. ಓಡಿ ಬರುವ ತನ್ನ ಕಾಲ ಸಪ್ಪಳವೂ ಕೇಳಿಸತೊಡಗಿತ್ತು.

"ಸಂಜೆಯೊಳಗೆ ಲಿಖಿತ ಹೇಳಿಕೆ ಮುಗಿಸಿಬಿಡಿ ಡಾಕ್ಟ್ರೇ," ಎಂದರು ಹಿರಿಯರು, ಕಚೇರಿಗೆ ಬಂದ ಮೇಲೆ. ಕೋಟು ಕುರ್ಚಿಯ ಬೆನ್ನಿಗೆ ಹೋಗಿತ್ತು. "ಮೊದಲನೇ ಸಾಲೇ ಅದು. ಒಬ್ಬ ಸಾಮಾನ್ಯ ವಿದ್ಯಾರ್ಥಿ ನೋಡಿದ ತಕ್ಷಣ ಗುರುತಿಸಿದ ಅಂತ ಸಂಶೋಧಕರೇ ಒಪ್ಪಿಕೊಂಡಿದ್ದಾರೆ. ನಮ್ಮ ಸಾಮಾನ್ಯರಿಗೆ ಕೊನೆಗೂ ಕೈಕಾಲು ಬಂತು ನೋಡಿ!"

"ಆ ವಿದ್ಯಾರ್ಥಿ ನಾನೇ ಸಾರ್."

ಹಿರಿಯರು ತಲೆಯೆತ್ತಿದರು. ಆಮೇಲೆ ನಿಧಾನವಾಗಿ ನಗು ಹರಡಿತು. "ಹೌದೇನ್ರೀ? ಹಾಗಾದ್ರೆ ನಿಮಗೇ ನ್ಯಾಯ ಸಿಕ್ಕ ಹಾಗಾಯ್ತಲ್ಲ."

"ನಾನು ಗುರುತಿಸಲಿಲ್ಲ. ಕೆಟ್ಟುಹೋಗಿದೆ ಅಂತ ಚೆಲ್ಲೋಕೆ ಹೋಗಿದ್ದೆ. ಅವರು ಕೈ ಹಿಡಿದರು. ಅವರು ತಪ್ಪು ನೆನಪಿಟ್ಟುಕೊಂಡಿದ್ದಾರೆ."

ನಗು ಹೋಯಿತು. ಅವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. ಮಾತನಾಡಿದಾಗ ಧ್ವನಿಯಲ್ಲಿ ಕೋಪವಿರಲಿಲ್ಲ. ಹೊಸಬನಿಗೆ ಪಾಠ ಹೇಳುವ ತಾಳ್ಮೆಯಿತ್ತು. "ನಿಮ್ಮನ್ನ ಯಾರಾದ್ರೂ ಕೇಳಿದ್ರಾ? ಇಲ್ಲ. ನೀವು ಸಾಕ್ಷಿಯಾ? ಅಲ್ಲ. ಅವರು ಹೇಳಿದ್ದು ದಾಖಲಾಗಿದೆ, ಅವರೇ ಹೇಳಿದ್ದು, ನಾವು ಹೇಳಿಸಿದ್ದಲ್ಲ. ನೀವು ನಮ್ಮ ಕಕ್ಷಿದಾರರ ಕಡೆಯೋರು. ಇದನ್ನ ಆ ಕಡೆಗೆ ಹೋಗಿ ಹೇಳಿದ್ರೆ ಈ ಕಚೇರಿ ಮಾತ್ರ ಅಲ್ಲ, ಈ ವೃತ್ತಿಯಲ್ಲೇ ಇರೋಕಾಗಲ್ಲ. ಮನೆ ಇದೆ, ಹೆಂಡತಿ ಇದಾರೆ. ಸುಮ್ನೆ ಬರೆದು ಮುಗಿಸಿ." ಅವನು ಹೊರಡಲು ತಿರುಗಿದಾಗ, "ಬಾಗಿಲು ಹಾಕ್ಕೊಂಡು ಹೋಗಿ" ಎಂದರು.

ಅವನು ಹಿಡಿಯನ್ನು ಹಿಡಿದು ಎಳೆದ. ಪೂರ್ತಿ ಕೂತಿತೋ ಇಲ್ಲವೋ ನೋಡಲಿಲ್ಲ.

ಪರದೆಯ ಮೇಲೆ ಮೊದಲನೇ ಸಾಲು ಅರ್ಧ ಬರೆದು ನಿಂತಿತ್ತು. ಒಬ್ಬ ಸಾಮಾನ್ಯ ವಿದ್ಯಾರ್ಥಿ ನೋಡಿದ ತಕ್ಷಣ. ಪಕ್ಕದಲ್ಲಿ ಹೆಂಡತಿಯ ಸಂದೇಶ ಬಂದಿತ್ತು: ಗೆದ್ರಾ? ಅವಳು ರಾತ್ರಿ ಕೇಳುತ್ತಾಳೆ, ಈ ಗಾಜು ಸ್ಪಷ್ಟವೋ ಆ ಗಾಜೋ, ಹೇಳಿ ಎಂದು. ಇಷ್ಟು ವರ್ಷ ತಪ್ಪು ಗಾಜು ಹಾಕಿ ಕೂರಿಸಿದವನು ತಾನೇ ಎಂದು ಅವಳಿಗೂ ಹೇಳಬೇಕು. ಅತ್ತೆಗೆ, ಭಾವಮೈದನಿಗೆ, ಚಿಕ್ಕಮ್ಮನಿಗೆ. ಎದುರಿನ ಕುರ್ಚಿಯ ಕಡೆ ನೋಡಿದ. ಖಾಲಿಯಾಗಿತ್ತು. ನಿಜವಾಗಿ ಖಾಲಿ; ಕೂತಿದ್ದವನು ಎದ್ದು ಬಂದು ಈ ಬದಿಗೆ, ತನ್ನ ಅಂಗಿಯೊಳಗೆ, ಈ ಗಂಟುಬಿದ್ದ ಬೆರಳುಗಳೊಳಗೆ ಸೇರಿಕೊಂಡಿದ್ದ. ಅಥವಾ ಮೊದಲಿನಿಂದಲೂ ಇಲ್ಲೇ ಇದ್ದ. ಅಷ್ಟೊಂದು ಓದಿದವನು, ಒಂದನ್ನೂ ಮರೆಯದವನು. ಮರೆಯದಿರುವುದೊಂದೇ ಅವನ ಕಸುಬು. ಅಂಥವನು ಒಬ್ಬನಾದರೂ ಬೇಕಲ್ಲ ಎಂದುಕೊಂಡು ಅವನು ಫೋನು ಎತ್ತಿಕೊಂಡ. ಅವರ ಹಳೆಯ ಮೊಬೈಲ್ ನಂಬರು ಇನ್ನೂ ಇತ್ತು, ಮೇಡಂ ಲ್ಯಾಬ್ ಎಂಬ ಹೆಸರಿನಲ್ಲೇ.

"ಯಾರು?"

"ನಾನು ಮೇಡಂ. ಬಾಗಿಲು."

"ಹೇಳಪ್ಪಾ. ಆ ಹುಡುಗಿ, ನಮ್ಮ ವಕೀಲೆ, ಈಗ ತಾನೇ ಅತ್ತು ಹೋದಳು. ನಾನು ನಿಜ ಹೇಳಿ ಎಲ್ಲ ಹಾಳು ಮಾಡಿದೆನಂತೆ." ಆ ಕಡೆ ನಲ್ಲಿಯಿಂದ ನೀರು ಬೀಳುವ ಸದ್ದಿತ್ತು; ಪಾತ್ರೆ ತೊಳೆಯುತ್ತಿದ್ದರೇನೋ.

"ನೀವು ನಿಜ ಹೇಳಲಿಲ್ಲ ಮೇಡಂ. ನಾನು ಬೇಕಾದಲ್ಲಿ ಬಂದು ಬರೆದು ಕೊಡ್ತೀನಿ. ನಾನು ಓಡಿ ಬಂದಿರಲಿಲ್ಲ, ನಡ್ಕೊಂಡೂ ಬಂದಿರಲಿಲ್ಲ. ಅವತ್ತು ಸೋಮವಾರ. ನಾನು ಸಿಂಕಿನ ಮುಂದೆ ನಿಂತಿದ್ದೆ. ನಿಮ್ಮ ಕಡೆ ಬೆನ್ನು ಹಾಕಿ. ಮುಚ್ಚಳ ತೆಗೆದಾಗಿತ್ತು. ನೀವು ಹಿಂದಿನಿಂದ ಬಂದಿರಿ."

ಹಿರಿಯರ ಕೋಣೆಯ ಬಾಗಿಲು ಕಿರುಗುಟ್ಟಿ ತಾನಾಗಿಯೇ ತೆರೆದುಕೊಂಡಿತು. ಅವರು ಕುರ್ಚಿಯಿಂದಲೇ ಕತ್ತು ಹೊರಳಿಸಿ ಅವನನ್ನೇ ನೋಡುತ್ತಿದ್ದರು. ಅವನು ಫೋನು ಕೆಳಗಿಡಲಿಲ್ಲ. ಆ ಕಡೆ ನಲ್ಲಿಯ ಸದ್ದು ನಿಂತಿತು. ಉಸಿರಾಟ ಮಾತ್ರ ಕೇಳುತ್ತಿತ್ತು, ಹತ್ತಿರದಲ್ಲಿ, ಕಿವಿಯ ಪಕ್ಕದಲ್ಲೇ. ಆಮೇಲೆ ಮೇಡಂ ಕೇಳಿದರು, ಮುದುಕಿಯ ಧ್ವನಿಯಲ್ಲಲ್ಲ, ಲ್ಯಾಬಿನ ಆ ಗದರುವ ಧ್ವನಿಯಲ್ಲಿ:

"ಕೈಯಲ್ಲೇನೋ ಅದು?"